ಎಮ್ಮಿಗನೂರಿನ ಗಾರ್ಡ್ ಮತ್ತು ನನ್ನ ಬಾಯಿ

ಸಂಡೂರು, ಕಂಪ್ಲಿ, ಹೊಸಪೇಟೆ, ಈ ಮೂರು ಊರುಗಳಲ್ಲಿ ನನ್ನ ಸೀಟಿಗೆ ಬೆನ್ನು ನೆಟ್ಟಗೆ ಮಾಡದ ಗಂಡಸು ಇವತ್ತಿಗೂ ಇಲ್ಲ. ಮೊಮ್ಮಕ್ಕಳನ್ನು ಎತ್ತಿಕೊಂಡು ಹೊಸಪೇಟೆ ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುತ್ತಿರುತ್ತಾರೆ. ಹಿಂದಿನಿಂದ ಹೋಗಿ ಒಮ್ಮೆ ಊದಿದರೆ ಸಾಕು, ಎದೆ ಮುಂದೆ, ಹೊಟ್ಟೆ ಒಳಗೆ, ಹಿಮ್ಮಡಿ ಜೋಡಿ. ಟೊಮೆಟೊ ನೆಲದ ಮೇಲೆ. ನಿವೃತ್ತನಾದ ಮೇಲೂ ನಾನು ಸೀಟಿ ಜೇಬಿನಲ್ಲಿಟ್ಟುಕೊಂಡು ತಿರುಗುವುದು ಇದಕ್ಕೇ.

ನೀವು ಈಗ ಡ್ರಿಲ್ ಮಾಸ್ತರರಾಗಿ ಸೇರುತ್ತಿದ್ದೀರಿ. ನಿಮ್ಮನ್ನು ದೈಹಿಕ ಶಿಕ್ಷಣ ಶಿಕ್ಷಕರು ಎನ್ನುತ್ತಾರಂತೆ. ಹೆಸರು ಉದ್ದವಾಗಿದೆ, ಮೈದಾನ ಅಷ್ಟೇ ಇದೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಅದನ್ನು ಓದಿ ನಿಮಗೇನೂ ಬರುವುದಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ತಪ್ಪು ಮಾಡುವುದರಲ್ಲೂ ಜಿಲ್ಲೆಗೆ ನಾನೇ ಮೊದಲು.

ಮೊದಲ ಕೆಲಸ ಸಂಡೂರಿನ ಕಡೆ, ಗಣಿ ಕೆಲಸದವರ ಮಕ್ಕಳು ಓದುವ ಒಂದು ಶಾಲೆಯಲ್ಲಿ. "ಬಾಸ್ಕೆಟ್‌ಬಾಲ್ ಬರ್ತದೇನ್ರಿ?" ಎಂದು ಹೆಡ್‌ಮಾಸ್ತರರು ಕೇಳಿದರು. "ಹತ್ತು ದಿನ ಕ್ಯಾಂಪಿಗೆ ಹೋಗಿ ಬಂದೀನ್ರಿ ಸಾರ್" ಎಂದೆ. ಹೋಗಿದ್ದು ನಿಜ. ಆದರೆ ಆ ಕ್ಯಾಂಪಿನಲ್ಲಿ ನನ್ನನ್ನು ಅಡುಗೆ ಉಸ್ತುವಾರಿಗೆ ಹಾಕಿದ್ದರು. ನೂರು ಜನರಿಗೆ ಗಂಟಾಗದ ಹಾಗೆ ಉಪ್ಪಿಟ್ಟು ಮಾಡಿಸುವುದನ್ನು ಕಲಿತು ಬಂದಿದ್ದೆ. ಕೇಳಿದ್ದಕ್ಕೆ ನಿಜ ಹೇಳುವುದು, ಕೇಳದಿದ್ದನ್ನು ಹೇಳದೇ ಇರುವುದು, ಇದು ನನ್ನ ಹುಟ್ಟುಗುಣ. ಈ ಗುಣ ನನ್ನನ್ನು ಒಂದು ದಿನ ಒಂದು ಊರಿನ ಮುಂದೆ ತಲೆ ತಗ್ಗಿಸಿ ನಿಲ್ಲಿಸಿತು. ಅದಕ್ಕೆ ಬರುತ್ತೇನೆ.

ಸಂಡೂರಿನ ಮೈದಾನ ಕೆಂಪು ಧೂಳು. ಹುಡುಗರಿಗೆ ಬಿಳಿ ಬನಿಯನ್ ಕೊಟ್ಟರೆ ಒಂದೇ ವಾರದಲ್ಲಿ ಇಟ್ಟಿಗೆ ಬಣ್ಣ. ನಮ್ಮ ತಂಡದ ಬಣ್ಣವನ್ನು ನಾವು ಆರಿಸಲಿಲ್ಲ, ಮಣ್ಣು ಆರಿಸಿತು. ಬಾಸ್ಕೆಟ್ಟಿನ ರಿಂಗನ್ನು ಲಾರಿ ರಿಪೇರಿ ಅಂಗಡಿಯಲ್ಲಿ ಬೆಸೆಸಿದೆ. ಚೆಂಡು ಒಂದೇ. ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು "ಎಷ್ಟು ತಂಡ ಇವೆ?" ಎಂದರು. ಹತ್ತು ಹುಡುಗರನ್ನು ಆಡಿಸಿ, ಶಾಲೆಯ ಹಿಂದಕ್ಕೆ ಓಡಿಸಿ, ಬನಿಯನ್ ತಿರುಗಿಸಿ ಹಾಕಿಸಿ ಮತ್ತೆ ಕರೆತಂದೆ. ಹೀಗೆ ಮೂರು ಸಲ. ಸಾಹೇಬರು ಖುಷಿಯಾಗಿ, "ಈ ಕಡೀ ತಂಡದ ಹುಡುಗ್ರು ಭಾಳ ಸುಸ್ತಾದಂಗ ಕಾಣ್ತಾರ, ಹಾಲು ಗೀಲು ಕೊಡ್ರಿ" ಎಂದು ಬರೆದು ಹೋದರು. ಹಾಲು ಬಂತು. ಇದನ್ನು ನೀವು ಮಾಡಬೇಡಿ. ಈಗ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ.

ಅಲ್ಲಿಂದ ಕಂಪ್ಲಿಯ ಹೈಸ್ಕೂಲಿಗೆ ವರ್ಗವಾಯಿತು. ಕಾಲುವೆ ನೀರಿನ ಸೀಮೆ. ವರ್ಷಕ್ಕೆ ಎರಡು ಬೆಳೆ ಭತ್ತ, ನಡುವೆ ಕಬ್ಬು, ಮೂಲೆಗೊಂದು ಗಾಣ. ಹುಡುಗರು ಬಿಸಿ ಬೆಲ್ಲ ತಿಂದು ಎತ್ತಿನ ಹಾಗೆ ಬೆಳೆದಿದ್ದರು. ನಾನು ಸಾಲು ನಿಲ್ಲಿಸಿ, ಎತ್ತರದ ಹನ್ನೆರಡು ಜನರನ್ನು ಬಾಸ್ಕೆಟ್‌ಬಾಲಿಗೆ ಆರಿಸಿ, ಉಳಿದವರಿಗೆ ಕಬಡ್ಡಿ ಎಂದೆ. ಉಳಿದವರಲ್ಲಿ ಒಬ್ಬ ಎಮ್ಮಿಗನೂರಿನ ಗಾದಿಲಿಂಗ. ನನ್ನ ಭುಜಕ್ಕೂ ಬರುತ್ತಿರಲಿಲ್ಲ.

ಒಂದು ದಿನ ನಮ್ಮ ಎತ್ತರದ ವೀರರೊಬ್ಬರು ಎಸೆದ ಚೆಂಡು ಗೋಡೆ ದಾಟಿ ಕಾಲುವೆಗೆ ಬಿತ್ತು. ಹನ್ನೆರಡು ಎತ್ತುಗಳೂ ದಂಡೆಯ ಮೇಲೆ ನಿಂತು ನೋಡಿದವು. ಗಾದಿ ಮಾತ್ರ ದಂಡೆಗುಂಟ ಓಡಿದ. ಮುಂದಿನ ತೂಬಿನ ಹತ್ತಿರ ಚೆಂಡನ್ನು ಹಿಡಿದನಂತೆ. ಹೊತ್ತಾಗಿದ್ದರಿಂದ ಹಾಗೇ ಊರಿಗೆ ಒಯ್ದು, ಮರುದಿನ ಬೆಳಿಗ್ಗೆ ತಂದ. ತಂದದ್ದು ಹೇಗೆ? ಗೇಟಿನಿಂದ ನನ್ನ ಕುರ್ಚಿಯವರೆಗೆ ಒಂದೇ ಕೈಯಲ್ಲಿ ಪುಟಿಸುತ್ತ, ಚೆಂಡನ್ನು ನೋಡದೆ, ನನ್ನ ಮುಖ ನೋಡುತ್ತ.

"ಎಲ್ಲಿ ಕಲ್ತೆಲೇ ಇದನ್ನ?"

"ಗದ್ದಿ ಬದುವಿನ ಮ್ಯಾಲೆ ಬಂದೆ ಸಾರ್. ಕೆಳಗ ನೋಡಿದ್ರ ಕಾಲು ಜಾರತೈತಿ, ಚಂಡು ಆಕಡೆ ಈಕಡೆ ಹೋದ್ರ ಕೆಸರಿಗೆ ಬೀಳತೈತಿ."

ಒಂದು ಮೊಳ ಅಗಲದ ಬದು. ಎರಡೂ ಕಡೆ ನಾಟಿ ಮಾಡಿದ ಗದ್ದೆ. ಅವತ್ತಿನಿಂದ ಚೆಂಡನ್ನು ದಿನಾ ಅವನ ಕೈಯಲ್ಲೇ ಊರಿಗೆ ಕಳಿಸಿದೆ. ಮುಂದೆ ಯಾರಾದರೂ ಕೇಳಿದರೆ, "ಬದುವಿನ ಪದ್ಧತಿ, ನಾನೇ ಕಂಡುಹಿಡಿದದ್ದು" ಎಂದು ಹೇಳಿದ್ದೇನೆ. ನಿವೃತ್ತನಾದ ಮೇಲೂ ಹೇಳಿದ್ದೇನೆ. ಇವತ್ತು ಮೊದಲ ಸಲ ಸತ್ಯ ಬರೆಯುತ್ತಿದ್ದೇನೆ.

ಆ ಹುಡುಗನಿಗೆ ನಾನು ಕಲಿಸಿದ್ದರಲ್ಲಿ ಅರ್ಧ ತಪ್ಪು. ಚೆಂಡು ಪುಟಿಸುವುದನ್ನು ನಿಲ್ಲಿಸಿ ಹಿಡಿದ ಮೇಲೆ ಮತ್ತೆ ಪುಟಿಸಬಾರದು ಎಂಬ ನಿಯಮವೇ ನನಗೆ ಗೊತ್ತಿರಲಿಲ್ಲ. ಹೊಸಪೇಟೆಯಲ್ಲಿ ಶಾಲೆಗಳ ನಡುವಿನ ಮೊದಲ ಪಂದ್ಯಕ್ಕೆ ಹೋದಾಗ ರೆಫರಿ ಹೆಜ್ಜೆಗೊಂದು ಸಲ ಊದಿದ. ನಾನು ಕೋರ್ಟಿಗೆ ನುಗ್ಗಿ ಜಗಳ ತೆಗೆದೆ. ಆತ ಜೇಬಿನಿಂದ ನಿಯಮದ ಪುಸ್ತಕ ತೆಗೆದು ಕೈಗಿಟ್ಟು, "ಓದ್ಕೊಂಡು ಬರ್ರಿ, ಆಮ್ಯಾಲೆ ಬಡಿದಾಡಾನು" ಎಂದ. ಓದಿದೆ. ಎರಡು ದಿನ ಮಕ್ಕಳಿಗೆ ಮುಖ ತೋರಿಸಲಿಲ್ಲ. ಆಗ ಎರಡು ಕೈಯಲ್ಲಿ ಎದೆಯಿಂದ ನೂಕುವುದೇ ಶಾಟ್ ಎಂದು ತಿಳಿದಿದ್ದವನು, ಒಂದು ಕೈಯಲ್ಲಿ ಜಿಗಿದು ಹಾಕುವುದನ್ನು ಹುಡುಗರ ಜೊತೆಗೇ ಕಲಿತೆ. ನಿಯಮದ ಪುಸ್ತಕವನ್ನು ಕೆಲಸಕ್ಕೆ ಸೇರುವ ಮೊದಲೇ ಕೊಳ್ಳಿ. ನನ್ನ ಹಾಗೆ ಶತ್ರುವಿನ ಕೈಯಿಂದ ತೆಗೆದುಕೊಳ್ಳಬೇಡಿ.

ಪುಸ್ತಕದಿಂದಲೇ ಗಾದಿಯ ಜಾಗಕ್ಕೆ ಹೆಸರಿದೆ ಎಂದು ತಿಳಿದದ್ದು. ಹಿಂದಿನಿಂದ ಚೆಂಡನ್ನು ತಂದು, ಯಾರು ಎಲ್ಲಿದ್ದಾರೆ ನೋಡಿ, ಯಾರಿಗೆ ಯಾವಾಗ ಕೊಡಬೇಕು ಎಂದು ತೀರ್ಮಾನಿಸುವವನು ಗಾರ್ಡ್. ಹತ್ತನೇ ತರಗತಿಗೆ ಬರುವ ಹೊತ್ತಿಗೆ ನನ್ನ ಹನ್ನೆರಡು ಎತ್ತುಗಳಿಗೆ ಅವನೇ ಮೂಗುದಾರ. ಆ ವರ್ಷ ನಾವು ಹೊಸಪೇಟೆಗೆ ಹೋಗಿ ಗೆದ್ದೆವು. ಅಲ್ಲಿನ ಒಂದು ಕಾಲೇಜಿನ ಆಟದ ಡೈರೆಕ್ಟರ್ ನೋಡುತ್ತಿದ್ದರು. ಮಿಲಿಟರಿಯಿಂದ ಬಂದ ಮನುಷ್ಯ, ಮೀಸೆಗೇ ಬೇರೆ ಬಾಚಣಿಗೆ ಇಟ್ಟವರು. "ಕುಳ್ಳ ಅದಾನ. ಆದ್ರೂ ಕಳ್ಸಿ ನೋಡ್ರಿ" ಎಂದರು. ಸೀಟು, ಹಾಸ್ಟೆಲ್ಲು ಎರಡೂ ಸಿಗುತ್ತವೆ.

ಗಾದಿ ಖುಷಿಯಾಗುವುದು ಬಿಟ್ಟು ಮುಖ ಇಳಿಸಿದ. "ನಮ್ಮಪ್ಪ ಕಳ್ಸಂಗಿಲ್ಲ ಸಾರ್. ಗದ್ದಿಗೆ ನೀರೈತಿ, ಚಂಡು ಆಡಾಕ ಯಾಕ ಹೋಗ್ತಿ ಅಂತಾನ."

"ನಿಮ್ಮಪ್ಪನ್ನ ನನಗ ಬಿಡು" ಎಂದೆ. ಈ ಮಾತನ್ನು ನೀವು ಯಾವ ಹುಡುಗನಿಗೂ ಹೇಳಬೇಡಿ.

ಭಾನುವಾರ ಎಮ್ಮಿಗನೂರಿಗೆ ಹೋದೆ. ಅಪ್ಪ ಮಾರೆಪ್ಪ ಗಾಣದಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತಿದ್ದ. ಮಾತು ಕಡಿಮೆ, ತೂಕ ಜಾಸ್ತಿ. ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ಹಾಕಿ ಕೊಟ್ಟ.

"ಕುಂದ್ರಿ ಮೇಷ್ಟ್ರ. ಏನ್ ಇಷ್ಟ್ ದೂರ?"

"ಹೊಸಪೇಟಿಯೋರು ನಿನ್ ಮಗನ್ನ ಕೇಳಾಕತ್ಯಾರ ಮಾರೆಪ್ಪ. ಗಾರ್ಡ್ ಅಂತ ತಗಂತಾರ."

ಮಾರೆಪ್ಪ ಬೆಲ್ಲ ತಿರುವುತ್ತಿದ್ದ ಹುಟ್ಟು ನಿಲ್ಲಿಸಿದ. "ಗಾರ್ಡಾ? ಈ ವಯಸ್ಸಿಗೇ?"

"ಚಿಕ್ಕೋನಿದ್ದಾಗ್ಲೇ ತಗಂಡ್ರ ಚಲೋ ತಯಾರಾಗ್ತಾನ."

"ಡ್ರೆಸ್ ಕೊಡ್ತಾರೇನ್ರಿ?"

"ಕೊಡ್ತಾರ. ಮ್ಯಾಲೆ ನಂಬರ್ ಇರತೈತಿ."

"ಊರೂರು ತಿರುಗಬೇಕಾಗತೈತಿ ಅಲ್ರಿ?"

"ಮತ್ತ? ಬಳ್ಳಾರಿ, ಗುಂತಕಲ್ಲು, ಹುಬ್ಬಳ್ಳಿ..."

"ರೈಲಿನಾಗ?"

"ರೈಲಿನಾಗ."

"ಪುಕ್ಕಟೆ?"

ಆಗ ನನಗೆ ಹೊಳೆಯಿತು. ಹೊಸಪೇಟೆಗೆ ಹೋಗಿಬರುವ ರೈತನಿಗೆ ಗಾರ್ಡ್ ಎಂದರೆ ಒಬ್ಬನೇ: ರೈಲಿನ ಕಡೆಯ ಡಬ್ಬಿಯಲ್ಲಿ ಬಿಳಿ ಬಟ್ಟೆ ಹಾಕಿ, ಹಸಿರು ಬಾವುಟ ಬೀಸುವ ಸರ್ಕಾರಿ ಮನುಷ್ಯ. ಆಗಲೇ "ಮಾರೆಪ್ಪ, ಇದು ಚೆಂಡಾಟ" ಎಂದಿದ್ದರೆ ನನ್ನ ಬಾಯಿ ಸವೆಯುತ್ತಿರಲಿಲ್ಲ. ಆದರೆ ಆತನ ಮುಖ ಕೊಪ್ಪರಿಗೆಯ ಬೆಂಕಿಗಿಂತ ಹೆಚ್ಚು ಬೆಳಗುತ್ತಿತ್ತು. ನನ್ನೊಳಗಿನ ಕೋತಿ ಬಾಲ ಎತ್ತಿತು.

"ಪುಕ್ಕಟೆ" ಎಂದೆ. ಅದೂ ನಿಜ, ತಂಡದ ಟಿಕೀಟು ಕಾಲೇಜಿನದು.

"ಸೀಟಿ?"

"ಸೀಟಿ ಬ್ಯಾರೇರು ಊದ್ತಾರ. ಇವ್ನು ಕೇಳಿ ನಿಲ್ಲಬೇಕು."

ಮಾರೆಪ್ಪ ಯೋಚಿಸಿ, "ಹೌದ್ ಬಿಡ್ರಿ, ಮೊದ್ಲ್ ಮೊದ್ಲು ಹಂಗೇ ಇರತೈತಿ" ಎಂದ. ಹೆಂಡತಿಯನ್ನು ಕೂಗಿ, "ಕೇಳಿದೇನಬೇ, ನಿನ್ ಮಗ ಗಾರ್ಡ್ ಆದ!" ಎಂದ. ನಾನು ಬೆಲ್ಲದ ಅಚ್ಚು ಹೊತ್ತುಕೊಂಡು, ಬಸ್ಸಿನಲ್ಲಿ ಒಬ್ಬನೇ ನಗುತ್ತ ಬಂದೆ. ಇಷ್ಟು ಚಂದದ ತಮಾಷೆಯನ್ನು ಹೇಳಲು ಯಾರೂ ಇಲ್ಲವಲ್ಲ ಎಂಬುದೊಂದೇ ದುಃಖ.

ಆ ವರ್ಷವೇ ನನಗೂ ಹೊಸಪೇಟೆಯ ಶಾಲೆಗೆ ವರ್ಗವಾಯಿತು. ಗಾದಿ ಕಾಲೇಜು ಸೇರಿದ. ಡೈರೆಕ್ಟರ್ ಅವನನ್ನು ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೂರಿಸಿದರು. ದೀಪಾವಳಿಗೆ ಊರಿಗೆ ಹೋದಾಗ ಅಪ್ಪ, "ಹೆಂಗೈತೋ ಡ್ಯೂಟಿ?" ಎಂದನಂತೆ. ಇವನು, "ದಿನಾ ಪ್ರಾಕ್ಟೀಸ್ ಐತಪ್ಪ, ಇನ್ನೂ ಕುಂದ್ರಿಸ್ಯಾರ, ಇಳಿಸಿಲ್ಲ" ಎಂದನಂತೆ. "ಇಳಿಸ್ತಾರ, ಅವಸ್ರ ಮಾಡ್ಬ್ಯಾಡ" ಎಂದು ಅಪ್ಪ ಸಮಾಧಾನ ಹೇಳಿದನಂತೆ. ಊರಿನವರು ಗಾರ್ಡ್ ಗಾರ್ಡ್ ಎಂದು ಕರೆದಾಗ, ತನ್ನ ಆಟ ಎಮ್ಮಿಗನೂರಿಗೂ ತಿಳಿಯಿತಲ್ಲ ಎಂದು ಹುಡುಗ ಹಿಗ್ಗಿದ. ಇದನ್ನು ಅವನು ಬಂದು ಹೇಳಿದಾಗಲೂ ನಾನು ನಕ್ಕೆ. ಬಾಯಿ ಬಿಡಲಿಲ್ಲ.

ಕಡೆಗೆ ಕಾಲೇಜಿನ ದೊಡ್ಡ ಗಾರ್ಡಿನ ಕಾಲು ಉಳುಕಿತು. ಬಳ್ಳಾರಿಯ ಕಾಲೇಜಿನ ಮೇಲೆ ಶನಿವಾರ ಸಂಜೆ ಪಂದ್ಯ. ಗಾದಿ ಅಪ್ಪನಿಗೆ ಕಾಗದ ಬರೆದ: ಶನಿವಾರ ನನ್ನನ್ನು ಇಳಿಸುತ್ತಾರೆ, ನಂಬರ್ ಏಳು.

ಶನಿವಾರ ಮಧ್ಯಾಹ್ನ ನನ್ನ ಮನೆಯ ಬಾಗಿಲಲ್ಲಿ ಮಾರೆಪ್ಪ ನಿಂತಿದ್ದ. ಹೊಸ ಪಂಚೆ, ಹೆಗಲ ಮೇಲೆ ಹೊಸ ಅಕ್ಕಿಯ ಚೀಲ. ಹಿಂದೆ ಅವರೂರಿನ ಇಬ್ಬರು ನೆಲ ನೋಡುತ್ತ ನಿಂತಿದ್ದರು. ಮಗ ರೈಲಿನಿಂದ ಇಳಿಯುವುದನ್ನು ತೋರಿಸುತ್ತೇನೆ ಎಂದು ಅವರನ್ನೂ ಕರೆತಂದಿದ್ದ. ಸ್ಟೇಷನ್ನಿಗೆ ಹೋಗಿ, "ಏಳನೇ ನಂಬರ್ ಗಾರ್ಡ್ ಗಾದಿಲಿಂಗ ಯಾವ ಗಾಡಿಗೆ ಬರ್ತಾನ?" ಎಂದು ಕೇಳಿದ್ದಾನೆ. ಅಲ್ಲಿದ್ದವರೆಲ್ಲ ಸೇರಿ ನಕ್ಕಿದ್ದಾರೆ. ಕಡೆಗೆ ಟಿಕೀಟು ಕೊಡುವ ಹುಡುಗನೊಬ್ಬ, "ಅಯ್ಯ ಕಾಕಾ, ಅವ್ನು ಕಾಲೇಜಿನಾಗ ಚಂಡು ಆಡೋ ಹುಡುಗ. ಅದರಾಗೂ ಗಾರ್ಡ್ ಅಂತಾರ" ಎಂದಿದ್ದಾನೆ.

"ಬಾ ಮಾರೆಪ್ಪ, ಕುಂದ್ರು" ಎಂದೆ. ಕೂರಲಿಲ್ಲ.

"ಮೇಷ್ಟ್ರ, ಸ್ಟೇಷನ್ನಿಂದ ಇಲ್ಲೀತನಕ ಒಂದೊಂದ ನೆನಸ್ತಾ ಬಂದೆ. ಡ್ರೆಸ್ ಅಂದ್ರಿ, ಖರೇ. ರೈಲು ಅಂದ್ರಿ, ಖರೇ. ನೀವು ಒಂದ್ ಸುಳ್ಳ್ ಹೇಳಿಲ್ಲ. ಸುಳ್ಳ್ ಹೇಳಿದ್ರ ಬೈದು ಹೋಗ್ತಿದ್ದೆ. ಈಗ ಬೈಯಾಕೂ ಏನಿಲ್ಲ ನನಗ."

ಅಕ್ಕಿಯ ಚೀಲ ಇಳಿಸಿಕೊಳ್ಳಲು ನಾನು ಕೈ ಚಾಚಿದೆ, ಮಾರೆಪ್ಪ ಕೊಡಲಿಲ್ಲ.

"ಹುಡುಗ ಎಲ್ಲಿದಾನ, ತೋರಿಸ್ರಿ. ಕರ್ಕೊಂಡ್ ಹೋಗ್ತೀನಿ. ಇನ್ನ ಕಾಲೇಜು ಬ್ಯಾಡ."

ಕಾಲೇಜಿಗೆ ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಮಾರೆಪ್ಪ ಗೆರೆಯ ಪಕ್ಕ ಚೀಲ ಇಳಿಸಿ ನಿಂತ. ಗಾದಿ ಅಪ್ಪನನ್ನು ನೋಡಿ ಹಲ್ಲು ಕಿರಿದು, ಇನ್ನಷ್ಟು ಜೋರಾಗಿ ಓಡಿದ. ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಅವನು ನಗುತ್ತಲೇ ಬಂದ. ನಾನು ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಗಾಣದ ಮಾತು, ಸ್ಟೇಷನ್ನಿನ ನಗು, ಎಲ್ಲ. ಹುಡುಗನ ಮುಖ ಕಪ್ಪಿಟ್ಟಿತು.

"ನಮ್ಮಪ್ಪನ್ನ ನಾಕ್ ಮಂದಿ ಮುಂದ ನಗಿಗೀಡು ಮಾಡಿದ್ರೇನ್ ಸಾರ್?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಏಳನೇ ನಂಬರಿನ ಬನಿಯನ್ ಬಿಚ್ಚಿ ಬೆಂಚಿನ ಮೇಲೆ ಇಟ್ಟು, ಅಪ್ಪನ ಹತ್ತಿರ ಹೋಗಿ ಅಕ್ಕಿಯ ಚೀಲಕ್ಕೆ ಕೈ ಹಾಕಿದ. "ನಡಿಯಪ್ಪ, ಊರಿಗೆ ಹೋಗಾನು."

ಡೈರೆಕ್ಟರು ಅತ್ತ ಕಡೆಯಿಂದ ಗುಡುಗಿದರು. ಮಾರೆಪ್ಪ ಅವರನ್ನು ನೋಡಲಿಲ್ಲ. ಮಗನನ್ನು ನೋಡಿದ.

"ಹಿಡಿದ್ ಕೆಲ್ಸ ಅರ್ಧಕ್ಕ ಬಿಡೋದು ಯಾರ್ ಕಲ್ಸಿದ್ರಲೇ ನಿನಗ? ಮುಗ್ಸಿ ಬಾ."

ಗಾದಿ ಬನಿಯನ್ ಹಾಕಿಕೊಂಡ. ಆ ಉಳಿದರ್ಧ ಆಡಿದ ಹಾಗೆ ಅವನು ಹಿಂದೆ ಆಡಿದ್ದನ್ನು ನಾನು ಕಂಡಿರಲಿಲ್ಲ. ಬಳ್ಳಾರಿಯ ಹುಡುಗರು ಅವನ ತಲೆಯ ಮೇಲೆ ಚಪ್ಪರದಂತೆ ಕೈ ಹರಡಿದರೆ, ಅದರ ಕೆಳಗಿನಿಂದ ಹಾಯ್ದ. ಹಿಂದೆ ಬಿದ್ದಿದ್ದ ತಂಡವನ್ನು ಒಂದೇ ಅಂಕದ ಹತ್ತಿರ ತಂದ. ಕಡೆಯ ಸಲ ಚೆಂಡು ಅವನ ಕೈಯಲ್ಲೇ. ಇಬ್ಬರು ಮೈಮೇಲೆ ಬಂದರು. "ಹಾಕಲೇ!" ಎಂದು ನಾನೂ ಕೂಗಿದೆ. ಹಾಕಲಿಲ್ಲ. ಮೂಲೆಯಲ್ಲಿ ಒಬ್ಬ ಹುಡುಗ ನಿಂತಿದ್ದ, ಇಡೀ ಸಂಜೆ ಅವನಿಗೆ ಯಾರೂ ಚೆಂಡು ಕೊಟ್ಟಿರಲಿಲ್ಲ. ಅವನ ಮುಂದೆ ಒಬ್ಬ ಎದುರಾಳಿಯೂ ಇಲ್ಲ. ಗಾದಿ ಅವನಿಗೆ ಕೊಟ್ಟ. ಆ ಹುಡುಗ ಎತ್ತಿ ಹಾಕಿದ. ಚೆಂಡು ರಿಂಗಿನ ಮೇಲೆ ಸುತ್ತು ಹೊಡೆದು ಹೊರಗೆ ಬಿತ್ತು. ಸೋತೆವು.

ಡೈರೆಕ್ಟರು ಮೀಸೆ ಕಚ್ಚಿಕೊಂಡು, "ನೀನೇ ಯಾಕ ಹಾಕ್ಲಿಲ್ಲಲೇ?" ಎಂದರು. ಗಾದಿ, "ಅವ್ನಿಗೆ ಜಾಗ ಇತ್ತು ಸಾರ್" ಎಂದ. ಅಷ್ಟೇ. ಮಾರೆಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಮಗನ ಹೆಗಲ ಮೇಲೆ ಟವೆಲ್ ಹಾಕಿ, ನನ್ನ ಕಡೆ ತಿರುಗಿದ.

"ನಾಳೆ ಊರಿಗೆ ಬರ್ರಿ ಮೇಷ್ಟ್ರ. ನಾನು ಹೇಳಿದ ಮಂದಿಗೆಲ್ಲ ನೀವೇ ಹೇಳ್ಬೇಕು. ಆಮ್ಯಾಲೆ ಹುಡುಗನ ವಿಚಾರ."

ಹೋದೆ. ಹೆಂಡತಿ, "ಮೈಗೆ ಹುಷಾರಿಲ್ಲ ಅಂತ ಹೇಳಿ ಕಳ್ಸ್ರಿ" ಎಂದಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಒಳ್ಳೆಯ ಸಲಹೆ ಕೇಳದೆ ನನಗೆ ಒಳ್ಳೆಯದಾದದ್ದು ಅದೊಂದೇ ಸಲ.

ಎಮ್ಮಿಗನೂರಿನ ಕಟ್ಟೆಯ ಮೇಲೆ ಜನ ತುಂಬಿದ್ದರು. ಗಾದಿ ಕಂಬಕ್ಕೆ ಒರಗಿ ನಿಂತಿದ್ದ, ನನ್ನ ಕಡೆ ನೋಡಲಿಲ್ಲ. ನಗಿಸಬೇಕು ಎಂದು ಎರಡು ಚಟಾಕಿ ತಯಾರು ಮಾಡಿಕೊಂಡಿದ್ದೆ, ಎರಡನ್ನೂ ಅಲ್ಲೇ ಕೈಬಿಟ್ಟೆ. "ಗಾದಿ ರೈಲಿನ ಗಾರ್ಡ್ ಅಲ್ಲ. ಮಾರೆಪ್ಪ ಹಂಗ ತಿಳ್ಕೊಂಡ ಅಂತ ನನಗ ಅವತ್ತೇ ಗೊತ್ತಾತು. ಗೊತ್ತಾಗಿ ಸುಮ್ನಿದ್ದೆ. ತಪ್ಪು ನಂದು, ಮಾರೆಪ್ಪಂದಲ್ಲ, ಹುಡುಗಂದಲ್ಲ" ಎಂದೆ.

ಒಬ್ಬ ಮುದುಕ ಬೀಡಿ ಕೆಳಗಿಟ್ಟು ಕೇಳಿದ: "ಹಂಗಾದ್ರ ಹುಡುಗ ಮಾಡೋದು ಏನ್ ಕೆಲ್ಸ ಅದು?"

ನಾನು ಬಾಯಿ ತೆರೆದೆ. ಪುಸ್ತಕದಲ್ಲಿ ಓದಿದ್ದೆಲ್ಲ ನೆನಪಿಗೆ ಬಂತು, ಒಂದೂ ಆ ಕಟ್ಟೆಯ ಮೇಲೆ ನಿಲ್ಲುವ ಮಾತಲ್ಲ. ಅಷ್ಟರಲ್ಲಿ ಮಾರೆಪ್ಪ ಎದ್ದು ನಿಂತ.

"ನಾ ನೋಡಿ ಬಂದೀನಿ, ನಾ ಹೇಳ್ತೀನಿ. ನೀರಗಂಟಿ ಕೆಲ್ಸ ಅದು."

ಎಲ್ಲರೂ ಅವನ ಕಡೆ ತಿರುಗಿದರು. ಕಾಲುವೆಯ ನೀರನ್ನು ಸರದಿಯ ಪ್ರಕಾರ ಗದ್ದೆಗದ್ದೆಗೂ ಬಿಡುವವನು ನೀರಗಂಟಿ. ಆ ಸೀಮೆಯಲ್ಲಿ ಅವನಿಗಿಂತ ದೊಡ್ಡ ಅಧಿಕಾರಿ ಇಲ್ಲ.

"ಐದು ಗದ್ದಿ ಅಂತ ತಿಳ್ಕಳ್ರಿ. ಚಂಡೇ ನೀರು. ಮ್ಯಾಲಿಂದ ತರೋನು ಇವ್ನು. ಎಲ್ರೂ ನನಗ ಕೊಡು ನನಗ ಕೊಡು ಅಂತ ಕೈ ಎತ್ತತಾರ. ಸುತ್ತ ಕಳ್ಳರು, ನಡುವ ಒಡ್ಡು ಒಡೆಯಾಕ ನಿಂತಿರ್ತಾರ. ಯಾವ ಗದ್ದಿ ಒಣಗೈತಿ ನೋಡಿ ಅದಕ್ಕ ಬಿಡ್ಬೇಕು. ತನ್ನ ಗದ್ದಿಗೇ ಬಿಟ್ಕಂಡ್ರ ಅವ್ನು ನೀರಗಂಟಿ ಅಲ್ಲ."

"ಗೆದ್ರೇನು?" ಎಂದ ಮುದುಕ.

"ಸೋತ್ರು. ಕಡೀ ಗದ್ದಿಗೆ ನೀರು ಬಿಟ್ಟ. ಆ ಗದ್ದಿ ಬೆಳೀಲಿಲ್ಲ. ಅದು ನೀರಗಂಟಿ ತಪ್ಪೇನು?"

"ಅಲ್ಲ!" ಎಂದು ಹಿಂದಿನಿಂದ ಒಂದು ದನಿ ಬಂತು. ಕಾಲುವೆಯ ಕೊನೆಯಲ್ಲಿ ಗದ್ದೆ ಇದ್ದ, ವರ್ಷವೂ ನೀರಿಗಾಗಿ ಜಗಳವಾಡುವ ಮನುಷ್ಯನಂತೆ. "ಕಡೀ ಗದ್ದಿಗೆ ಬಿಟ್ನಲ್ಲ, ಅವ್ನೇ ಖರೇ ನೀರಗಂಟಿ!" ಕಟ್ಟೆ ನಕ್ಕಿತು. ಮಾರೆಪ್ಪನೂ ನಕ್ಕ. ನನ್ನ ಜೀವನದಲ್ಲಿ ನಾನು ನಗಿಸದೆ ಎದ್ದ ನಗೆಗೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಆಟ ಕಲಿಸಿದವನು ನಾನು, ಆಟವನ್ನು ಅರ್ಥ ಮಾಡಿಸಿದವನು ಅವನು. ಆಮೇಲೆ ನಾನು ಯಾವ ಮಗುವಿನ ಮನೆಗೆ ಹೋದರೂ ಮೊದಲು ಆ ಮನೆಯವರ ಕೆಲಸವೇನು ಎಂದು ಕೇಳಿ, ಅದರ ಮಾತಿನಲ್ಲೇ ಆಟವನ್ನು ವಿವರಿಸಿದ್ದೇನೆ. ಗಣಿಯವರಿಗೆ ಬೇರೆ, ನೇಯುವವರಿಗೆ ಬೇರೆ. ನಿಮಗೆ ನಾನು ಕೊಡುವ ವಿದ್ಯೆ ಇದೊಂದೇ, ಇದೂ ಕದ್ದದ್ದು.

ಗಾದಿ ಮುಂದೆ ಕಾಲೇಜು ತಂಡದ ಕ್ಯಾಪ್ಟನ್ ಆದ, ಯೂನಿವರ್ಸಿಟಿ ತಂಡಕ್ಕೂ ಆಡಿದ. ಆ ಜಂಬವನ್ನು ಊರೆಲ್ಲ ಸಾರಿ ಮುಗಿಸಿದ್ದೇನೆ. ಹೇಳಲು ಉಳಿದದ್ದು ಆ ಕಟ್ಟೆಯ ಮಾತಿನ ಮರುದಿನ ಬೆಳಗಿನ ಬಸ್ಸು. ಭಾನುವಾರ ಅವರು ನನ್ನನ್ನು ಬಿಡದೆ ಉಣ್ಣಿಸಿ ಉಳಿಸಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ಮಾರೆಪ್ಪ ಮಗನ ಟ್ರಂಕನ್ನು ತಾನೇ ಬಸ್ಸಿನ ಮೇಲೆ ಹಾಕಿದ. ಕಟ್ಟೆಯ ಸುದ್ದಿ ತಲುಪದ ಕಂಡಕ್ಟರು ಬಾಗಿಲಲ್ಲಿ ನಿಂತು ಕೇಳಿದ:

"ಏನ್ ಮಾರೆಪ್ಪಣ್ಣ, ಮಗನ್ನ ಡ್ಯೂಟಿಗೆ ಕಳ್ಸಾಕತ್ತೀಯೇನು?"

"ಡ್ಯೂಟಿಗಲ್ಲೋ" ಎಂದ ಮಾರೆಪ್ಪ, ಇಡೀ ಬಸ್ಸಿಗೆ ಕೇಳುವ ಹಾಗೆ. "ಆಟಕ್ಕ."